ಕಂದು ಟೊಪ್ಪಿಗೆ

ಹೋದ ವರ್ಷ ನಾನು ಸಕ್ಕರೆ ಹಾಕಿದೆ.
ಬಾಟಲಿಗೊಂದು ಚಮಚ, ಮೇಲೊಂದು ಚಿಟಿಕೆ ಆಸೆ.
ಫೆಬ್ರವರಿಯ ಒಂದು ರಾತ್ರಿ ನೆಲಮಾಳಿಗೆಯಲ್ಲಿ
ಹನ್ನೊಂದು ಬಾಟಲಿ ಒಂದರ ಹಿಂದೊಂದು ಸಿಡಿದವು.
ಬೆಕ್ಕು ಮೂರು ದಿನ ಮನೆಗೆ ಬರಲಿಲ್ಲ.
ಉಳಿದದ್ದನ್ನು ಕುಡಿದರೆ
ಸುಣ್ಣದ ಗೋಡೆ ನೆಕ್ಕಿದ ಹಾಗೆ.
ಇದ್ದ ಸಿಹಿಯನ್ನೆಲ್ಲ ಯೀಸ್ಟ್ ತಿಂದು
ನನಗೆ ಬಿಟ್ಟದ್ದು ತೇಗು ಮಾತ್ರ.

"ಸಿಹಿ ಹಾಕುವುದಲ್ಲ, ಗಿಸ್ಲೇನ್,
ಇದ್ದದ್ದನ್ನು ಹೋಗಗೊಡದಿರುವುದು"
ಅಂದ ಆನ್ಸೆಲ್ಮ್, ಬೇಲಿಯಾಚೆಯಿಂದ.
ಅಂದವನಾದರೂ ಯಾರು? ಎರಡು ಚಳಿಗಾಲದ ಕೆಳಗೆ
ಜ್ವರದಲ್ಲಿ ಮೂಗು ನಾಲಿಗೆ ಎರಡನ್ನೂ ಕಳೆದುಕೊಂಡವನು.
ಕಾಫಿಯೂ ಬಿಸಿನೀರೂ ಅವನಿಗೆ ಒಂದೇ.
ನಾನೋ, ಲಿಸ್ಯೂ ದಾರಿಯಲ್ಲಿ ಇಪ್ಪತ್ತಾರು ವರ್ಷ
ಶಾಲೆಯ ಬಸ್ಸು ಓಡಿಸಿದವಳು,
ಯಾರು ಕೈ ತೋರಿದರೂ ಬ್ರೇಕು ಒತ್ತಿದವಳಲ್ಲ.
ಈ ಸಲ ನಿಲ್ಲಿಸಿದೆ.

ಬಿದ್ದ ಹಣ್ಣನ್ನು ಕೂಡಲೇ ಅರೆಯಬಾರದಂತೆ.
ಮೂರು ವಾರ ಹುಲ್ಲ ಮೇಲೆ ಕೂತು ಮಾಗಬೇಕು,
ಹೆಬ್ಬೆರಳು ಒತ್ತಿದರೆ ಗುಳಿ ಬೀಳಬೇಕು.
ಬೆದಾನ್ ಹಣ್ಣು ಸಿಹಿಗೆ, ಫ್ರೆಕೆನ್ ಒಗರಿಗೆ;
ರಾಂಬೊ ಒಂದೇ ಬುಟ್ಟಿ ಸಾಕು,
ಮನೆಯಲ್ಲಾದರೂ ಪೀಪಾಯಿಯಲ್ಲಾದರೂ
ಹುಳಿ ಹಿಂಡುವವರು ಒಬ್ಬರಿದ್ದರೆ ಸಾಕಲ್ಲ.

ಅರೆದ ಮೇಲೂ ಹಿಂಡಲು ಬಿಡಲಿಲ್ಲ ಪುಣ್ಯಾತ್ಮ.
ಒಂದು ರಾತ್ರಿ ತೊಟ್ಟಿಯಲ್ಲೇ ಇರಲಿ ಅಂದ,
ಬೆಳಗಾಗುವಾಗ ತುಕ್ಕಿನ ಬಣ್ಣ.
ಆಮೇಲೆ ರಸ ಪೀಪಾಯಿಗೆ,
ಕೊಟ್ಟಿಗೆಯ ಬಾಗಿಲು ಹಾರುಹೊಡೆದು
ಚಳಿಗೆ ಕಾದೆವು, ನೆಂಟರಿಗೆ ಕಾಯುವ ಹಾಗೆ.

ಆರನೆಯ ದಿನ ಟೊಪ್ಪಿಗೆ ಬಂತು:
ಕಂದು, ದಪ್ಪ, ಲೋಳೆಲೋಳೆ,
ಕೆಸರು ಒಣಗಿ ಬಿರಿದಂಥ ಮೈ.
ಅಯ್ಯೋ ಕೆಟ್ಟಿತು ಎಂದು ತೆಗೆದೆಸೆಯಲು ಸೌಟು ತಂದೆ.
ಕೈ ಹಿಡಿದ.
"ಯೀಸ್ಟಿನ ಬುತ್ತಿಯೆಲ್ಲ ಅದರಲ್ಲಿ ಸಿಕ್ಕಿಕೊಂಡಿದೆ.
ಮೇಲೆ ಟೊಪ್ಪಿಗೆ, ಅಡಿಯಲ್ಲಿ ಗಸಿ,
ನಡುವಿನ ತಿಳಿಯನ್ನು ಕದಿ."

ಕದ್ದೆ. ರಬ್ಬರು ಕೊಳವೆ ಕಚ್ಚಿ ಎಳೆದೆ,
ಒಂದು ಕಾಲಕ್ಕೆ ಡೀಸೆಲ್ ಎಳೆದದ್ದೂ ಹೀಗೆಯೇ.
ಅರೆಹೊಟ್ಟೆಯ ಯೀಸ್ಟ್ ನಿಧಾನಕ್ಕೆ ಬಿತ್ತು.
ಪೀಪಾಯಿಗೆ ಕಿವಿಯಿಟ್ಟು ಆನ್ಸೆಲ್ಮ್
ಗುಳ್ಳೆ ಎಣಿಸಿದ, ಬಾಗಿಲಿಗೆ ಸುಣ್ಣದಲ್ಲಿ ಗೀಚಿದ:
ಡಿಸೆಂಬರಿನಲ್ಲಿ ನಿಮಿಷಕ್ಕೆ ಒಂಬತ್ತು,
ಜನವರಿಯಲ್ಲಿ ನಾಲ್ಕು,
ಮಾರ್ಚಿನಲ್ಲಿ, ಎಷ್ಟು ಹೊತ್ತು ಬಗ್ಗಿದ್ದನೆಂದರೆ
ನಿದ್ದೆ ಹೋದನೋ ಏನೋ ಎಂದುಕೊಂಡೆ,
"ಒಂದು" ಅಂದ.
ರಸದಲ್ಲಿ ತೇಲಿಬಿಟ್ಟ ಗಾಜಿನ ಕಡ್ಡಿಯೂ
ಅದನ್ನೇ ಹೇಳಿತು: ಇಲ್ಲಿಗೆ ಸಾಕು, ತುಂಬಿಸು.
ಷಾಂಪೇನಿನ ದಪ್ಪ ಬಾಟಲಿಗಳನ್ನೇ ತಂದಿದ್ದೆ.
ಒಂದೂ ಸಿಡಿಯಲಿಲ್ಲ.
ಬೆಕ್ಕು ಅವುಗಳ ಪಕ್ಕದಲ್ಲೇ ಮರಿ ಹಾಕಿತು.

ಮೇ ತಿಂಗಳು, ಮರದಡಿ ಮೇಜು, ಎರಡು ಬಟ್ಟಲು.
ಹೇಗಿದೆ? ಅಂದ.
ಸಿಹಿ, ಅಂದೆ.
"ಅದನ್ನು ಕಡ್ಡಿಯೇ ಹೇಳಿದೆ. ರುಚಿ ಹೇಳು."

ಇಷ್ಟು ದಿನ ನನ್ನಿಂದ ರುಚಿ ಕೇಳಿದವರಿಲ್ಲ.
ನಾಲಿಗೆಯ ಮೇಲಿಟ್ಟುಕೊಂಡು ಹುಡುಕಿದೆ.
ಸೋಮವಾರದ ಬೆಳಗು, ಕಿಟಕಿಯೆಲ್ಲ ಮಬ್ಬು,
ನಲವತ್ತು ಒದ್ದೆ ಉಣ್ಣೆ ಕೋಟು,
ಹೊಸ ಚರ್ಮದ ಚೀಲ,
ಹಿಂದಿನ ಸೀಟಿನಲ್ಲಿ ಯಾರೋ ಕಿತ್ತಳೆ ಸುಲಿದ ಹಾಗೆ.

ಕಣ್ಣು ಮುಚ್ಚಿ ಕುಡಿದ.
"ತಣ್ಣಗಿದೆ" ಅಂದ. ತಡೆದು, "ಚುಚ್ಚುತ್ತದೆ."
ಇನ್ನೊಂದು ಗುಟುಕು.
"ಕಿತ್ತಳೆ ಸುಲಿದದ್ದು ಯಾರು?"

ಕೆನೆಲ್ ಮನೆಯ ಕಿರಿಯಳು, ಸೊಲಾಂಜ್.
ಇಳಿಯುವಾಗ ಎರಡು ತೊಳೆ
ನನ್ನ ಗೇರಿನ ಪಕ್ಕ ಇಟ್ಟುಹೋಗುತ್ತಿದ್ದಳು.

ಬಟ್ಟಲು ಮುಂದೆ ಚಾಚಿದ.