ಒಂದು ಬೆರಳು ಥಂಡಿ

ತೇರದಾಳ ಬಿಡೂದು ನಸುಕಿನ ನಾಲ್ಕೂವರಿಗೆ.
ಹಿಂದ ಇಪ್ಪತ್ತೆರಡು ಕ್ಯಾನು, ಒಳಗ ಹಾಲಿನ ಗುಳುಗುಳು,
ಮುಂದ ಗಾಜಿಗೆ ಹಾಲಿಗಿಂತ ದಪ್ಪ
ಕೃಷ್ಣಾ ಹೊಳಿ ಕಳಿಸಿದ ಕಾವಳ.

ಎಳ್ಳ ಅಮಾಸಿಗೆ ಇನ್ನೆರಡು ದಿನ.
ಮನಿಯಾಗ ನೀಲವ್ವ ಎಳ್ಳು ಹುರಿದ ಕೈಲೆ
ಕುಲಾಯಿ ಕಿವಿತನಕ ಎಳದು ಕಳಿಸಿದ್ದಳು.
‘ಕುಲಾಯಿ ಮ್ಯಾಲ ಸರಿಸಲೇ’ ಅಂತಿದ್ದ ದಸ್ತಗೀರ ಮಾಮಾ,
‘ಕಾವಳದಾಗ ಕಣ್ಣು ರಜಾ ಹಾಕತಾವ,
ಕಿವಿ ಡ್ಯೂಟಿಗೆ ಬರಬೇಕು.’

ಸ್ಟೇರಿಂಗ್ ಹಿಡಿಯೂದು ಕಲಿಸಿದಾಂವ ಅಂವ.
ಮೂವತ್ತು ವರ್ಷ ಸಿಮೆಂಟ್ ಲಾರಿ ಹೊಡದು
ಒಂದು ಕೋಳಿಗೂ ತಾಗಿಸಿಲ್ಲ ಅಂತಿದ್ದ.
ಒಂದು ಕೋಳಿ ಇತ್ತು. ಆ ಮಾತು ಬ್ಯಾರೆ.

ದೊಡ್ಡ ಲೈಟ್ ಹಾಕಬ್ಯಾಡ, ಮಂಜು ಗ್ವಾಡಿ ಆಗತೈತಿ.
ಸಣ್ಣದು ಹಾಕು, ಕೆಳಗ ನೋಡು,
ಎಡಗಡಿ ಬಿಳಿ ಗೆರಿ ಹಿಡಕೊಂಡು ಹೋಗು
ಕುರುಡ ಕೋಲು ಹಿಡದಂಗ.
ಮುಂದಿನಾಂವನ ಕೆಂಪು ದೀಪ ನಂಬಬ್ಯಾಡ,
ಅಂವ ಹೊಲಕ್ಕ ಇಳದ್ರ ನೀನೂ ಇಳೀತಿ.
ಗಾಜು ಇಳಿಸು.
ಹಾಡು ಬಂದ್ ಮಾಡು.

ಎಲ್ಲಾ ಬಾಯಿಪಾಠ ನನಗ.
ಆದರೂ ಅವತ್ತು ಹಾಡು ಹತ್ತಿತ್ತು,
ಗಾಜೂ ಏರಿಸಿದ್ದೆ.
ಏರಿದಷ್ಟು ಏರಿತ್ತು ಅನ್ನಬೇಕು. ಹ್ಯಾಂಡಲ್ ಕೆಟ್ಟು
ತಿಂಗಳಾತು, ಒಂದು ಬೆರಳು ತೆರಕೊಂಡ ಇರತಿತ್ತು,
ಆ ಸಂದಿಯಿಂದ ಥಂಡಿ ನೆಟ್ಟಗ ಬಂದು
ಬಲಗಿವ್ಯಾಗ ಸೂಜಿ ಇಡತಿತ್ತು.
ಗ್ಯಾರೇಜಿನ ಬಾಬುರಾವಗ ಬೈದ ಬೈಗಳಾ
ಬನಹಟ್ಟಿ ದಾಟೂತನಕ ಸಾಲತಿತ್ತು.

ಬನಹಟ್ಟಿ ದಾಟಿತು.
ಜಮಖಂಡಿ ಹಾದಿ ಇತ್ತೋ ಇಲ್ಲೋ, ಕಾಣಲಿಲ್ಲ.
ಆ ಒಂದು ಬೆರಳಿನ ಸಂದಿಯಾಗ
ಥಂಡಿ ಹಿಂದ ಹಿಂದ
ಹಸಿ ಕಬ್ಬಿನ ವಾಸನಿ ಬಂತು.

ವಾಸನಿ ಬರೂದು ತಪ್ಪಲ್ಲ, ಸೀಸನ್ ಐತಿ.
ಆದರ ಇದು ಹೊಲದ ವಾಸನಿ ಅಲ್ಲ,
ಕೊಯ್ದದ್ದು, ಸಮೀಪದ್ದು, ಎದುರಿನದು.
ಕಾಲು ತಾನ ಮ್ಯಾಲೆದ್ದಿತು.
ಆಮ್ಯಾಲ ಕಂಡಿತು, ನೆಲದ ಮಟ್ಟಕ್ಕ, ಕೆಂಪಗ,
ಆ ಕಡೆ ಈ ಕಡೆ ತೂಗೂ ಬೆಂಕಿ.

ಹತ್ತು ಹನ್ನೆರಡು ವರ್ಷದ ಹುಡುಗಿ,
ಕೈಯಾಗ ಉರಿಯೂ ರವದಿ ಸಿವುಡು.
ಅಕಿ ಹಿಂದ, ರೋಡಿನ ನಟ್ಟನಡುವ
ಎಕ್ಸೆಲ್ ಮುರದ ಜೋಡಿ ಟ್ರಾಲಿ, ಮನಿಯಷ್ಟು ಎತ್ತರ,
ದೀಪ ಇಲ್ಲ, ರೇಡಿಯಂ ಇಲ್ಲ,
ಕಬ್ಬು ಹಿಂದಕ್ಕ ಜೋತು ಬಾಚದ ತಲಿಯಂಗ.
ನನ್ನ ಬಂಪರಿಗೂ ಆ ಕಬ್ಬಿನ ತುದಿಗೂ
ಒಂದು ಕ್ಯಾನಿನ ಅಂತರ.

‘ಅಪ್ಪ ಜಾಕ್ ತರಾಕ ಹೋಗ್ಯಾನ’ ಅಂದಳು.
‘ನೀ ಏಳನೇದಾಂವ.
ರವದಿ ಮುಗೀಲಿಕ್ಕ ಬಂದಿತ್ತು ಅಣ್ಣಾ,
ಎಂಟನೇದಾಂವಗ ಕೌದಿ ಸುಡಬೇಕಂತ ಮಾಡಿದ್ದೆ.’
ತೊಂಡೆಲಿ ತಾಂಡಾದಾಕಿ ಅಂತ, ಹೆಸರು ಸಕ್ಕುಬಾಯಿ.
ಕೌದಿ ಇನ್ನೂ ಹೆಗಲ ಮ್ಯಾಲಿತ್ತು.

ಗಾಡಿ ಹಿಂದಕ್ಕ ತಗೊಂಡು, ದೂರಕ್ಕ ನಿಲ್ಲಿಸಿ,
ನಾಲ್ಕೂ ಇಂಡಿಕೇಟರ್ ಬಿಟ್ಟು
ಬೆಳಕು ಹರಿಯೂತನಕ ಕೂತೆ.
ಹಾಲು ಒಡೀಲಿಲ್ಲ, ಥಂಡಿ ಕಾದಿತ್ತು.
ಡೇರಿಯ ಕಾರಕೂನ ಮಾತ್ರ ಒಡದ.

ಈಗ ಸೀಟಿನ ಕೆಳಗ ರೇಡಿಯಂ ಸುರುಳಿ ಇಟಗೊಂಡೀನಿ.
ಫ್ಯಾಕ್ಟರಿ ಗೇಟಿನ ಸಾಲಿನ್ಯಾಗ
ಚಾ ಕುಡಿಯೂ ಹೊತ್ತಿನ್ಯಾಗ ಹಚ್ಚತೀನಿ,
ಕೇಳಿದಾಂವಗೂ, ಕೇಳಲಾರದಾಂವಗೂ.
‘ಏನ್ ಕಾಕಾ, ಟ್ರಾಲಿಗೆ ಕುಂಕುಮಾ?’
ಅಂತ ನಗತಾನ ಲಗಮಣ್ಣ.
ನಗಲಿ. ಅದಕ್ಕ ತಂದು ಅಂತ ಬೆಳಕಿಲ್ಲ,
ಬಂದಾಂವನ ಬೆಳಕು ಬಂದಾಂವಗ ಹೊಳ್ಳಿ ಕೊಡತೈತಿ,
ಅಷ್ಟ ಅದರ ನೌಕರಿ.

ದಸ್ತಗೀರ ಮಾಮಾ ಹೋದ ವರ್ಷ
ಹಾಸಿಗಿ ಮ್ಯಾಲ ಸತ್ತ, ಕೆಮ್ಮಿ ಕೆಮ್ಮಿ.
ಡ್ರೈವರಗ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಬಾಬುರಾವ ಮೊನ್ನೆ ಹ್ಯಾಂಡಲ್ ತಂದಿದ್ದ, ಹೊಸಾದು.
ಹಾಕಬ್ಯಾಡ ಅಂದೆ.
ಬರಲಿ ಒಳಗ ಒಂದು ಬೆರಳು ಥಂಡಿ,
ಸೂಜಿ ಇಡಲಿ.