ಹದಿನೇಳನೇ ಕಾರಣ

ಬಡ್ತಿಯ ಅರ್ಜಿ, ಆರನೇ ಪುಟ.
ಪ್ರಕಟವಾದ ಲೇಖನಗಳು? ಇಪ್ಪತ್ಮೂರು.
ಉಲ್ಲೇಖಗಳು? ನಾನೂರ ಹನ್ನೆರಡು.
ನಿಮ್ಮನ್ನು ನೀವೇ ಉಲ್ಲೇಖಿಸಿಕೊಂಡದ್ದನ್ನು ಕಳೆಯಿರಿ.
ಕಳೆದೆ. ಮುನ್ನೂರ ಐವತ್ತೆಂಟು.
ಐವತ್ನಾಲ್ಕು ಸಲ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೇನೆ,
ಕೈ ಅಷ್ಟು ಉದ್ದವಿದೆಯೆಂದು ಗೊತ್ತಿರಲಿಲ್ಲ.

ನಾಗನಹಳ್ಳಿ ದಾಟಿತು ರೈಲು.
ತೊಡೆಯ ಮೇಲೆ ಲ್ಯಾಪ್‌ಟಾಪು,
ಕಾಲಿಗೆ ತಾಗಿ ಯಾರದೋ ಮಲ್ಲಿಗೆ ಮೂಟೆ.

ಎಚ್-ಇಂಡೆಕ್ಸು?
ಹಂಗಂದ್ರೇನು ಅಂತ ಒಮ್ಮೆ ಕೇಳಿದ್ದಳು ತಾಯಮ್ಮ.
ಮೂರು ವರಸೆ ಇಟ್ಟಿಗೆ, ಒಂದೊಂದು ವರಸೆಗೂ
ಕಡಿಮೆಯೆಂದರೆ ಮೂರು, ನಾಲ್ಕನೆಯದಕ್ಕೆ ಸಾಲದು ಅಂದಿದ್ದೆ.
'ಅಯ್, ಮಂಡಿಗೂ ಬರ್ನಿಲ್ವಲ್ಲವ್ವ ಗ್ವಾಡೆ.'
ಈಗ ಒಂಬತ್ತು ವರಸೆ. ಸೊಂಟದ ಮಟ್ಟ.
ಹೇಳೋಣವೆಂದರೆ ಅವಳ ನಂಬರಿಲ್ಲ.

ಹಾಜರಿ ಬರೆಯುತ್ತಿದ್ದವಳು ಅವಳು,
ಮಂಡ್ಯದ ಹೆಣ್ಣುಮಕ್ಕಳ ಹಾಸ್ಟೆಲಿನ ಸೈಟಿನಲ್ಲಿ.
ಹದಿನಾಲ್ಕು ತಿಂಗಳಿಗೆ ಮುಗಿಯಬೇಕಾದ ಕಟ್ಟಡ
ಮೂವತ್ತೊಂದಾದರೂ ತಲೆಯ ಮೇಲೆ
ಕಬ್ಬಿಣದ ಕಡ್ಡಿ ಕೆದರಿಕೊಂಡು ನಿಂತಿತ್ತು.
ಊರಿಗೆ ಅದು ವಿಳಂಬ, ನನಗೆ ಪಿಎಚ್‌ಡಿ.
ನಲವತ್ತು ಪ್ರಶ್ನೆ, ಒಂದರಿಂದ ಐದು ಅಂಕ ಕೊಡಿರೆಂದು
ಕಂಟ್ರಾಕ್ಟರಿಗೆ ಕೊಟ್ಟೆ, ಇಂಜಿನಿಯರಿಗೆ, ಇಲಾಖೆಗೆ.
ತಾಯಮ್ಮ ನನ್ನ ಸ್ಯಾಂಪಲ್ಲಿನೊಳಗೆ ಬರುತ್ತಿರಲಿಲ್ಲ.
ಅವಳ ಪುಸ್ತಕ ಮಾತ್ರ ಇಸಕೊಂಡು ಜೆರಾಕ್ಸ್ ಮಾಡಿಸಿದೆ.

ಎಡಕ್ಕೆ ಹೆಸರು, ಬಲಕ್ಕೆ ಗೀಟು.
ಅಂಚಿನಲ್ಲಿ, ಯಾರೂ ಕೇಳದಿದ್ದರೂ, ಕಾರಣ:
'ಸಿಮೆಂಟ್ ಬಂತು. ಮರಳ್ ಬರ್ನಿಲ್ಲ.'
'ಸಾಹೇಬ್ರು ಬತ್ತೀನಿ ಅಂದ್ರು. ಕಾಯ್ಕಂಡ್ ಕುಂತಿದ್ದೊ.'
'ಬೋರನ್ ಮಗೀಗೆ ಜ್ವರ.'
'ನಾಲೇಲಿ ನೀರ್ ಬುಟ್ರು. ಹದ್ನಾರ್ ಆಳು ನಾಟಿಗೋದ್ರು.'

ಜಾಲರಿ ನಿಲ್ಲಿಸಿ ಮರಳು ಸೋಸುವ ಹಾಗೆ
ಇದನ್ನೆಲ್ಲ ಇಂಗ್ಲಿಷಿಗೆ ಸೋಸಿದೆ.
ಮಗುವಿನ ಜ್ವರ ದಪ್ಪ ಕಲ್ಲು, ಮೇಲೇ ಉಳಿಯಿತು.
ನಾಟಿ ತೂರಿ ಆಚೆ ಬಿತ್ತು, ನುಣ್ಣಗೆ:
ಕಾರಣ ಹದಿನೇಳು, ಕಾರ್ಮಿಕರ ಕೊರತೆ,
ಸೂಚ್ಯಂಕ ಸೊನ್ನೆ ಬಿಂದು ಎಂಟು ಒಂದು.

ಮೂರು ವರ್ಷ ಯಾರೂ ಮುಟ್ಟಲಿಲ್ಲ.
ನೀರು ಹಾಕದ ಗಾರೆಯ ಹಾಗೆ ಬಿರುಕು ಬಿಡುತ್ತಾ ಕೂತಿತ್ತು.
ಆಮೇಲೆ ಮಲೇಷ್ಯಾ, ನೈಜೀರಿಯಾ, ಇರಾನು.
ಒಂದೇ ಕಂಸದಲ್ಲಿ ಎಂಟು ಹೆಸರು, ನಡುವೆ ನನ್ನದು,
ಸಂತೆಯ ದಿನದ ಟೆಂಪೋದಲ್ಲಿ
ಒಂಟಿಕಾಲಲ್ಲಿ ನಿಂತು ಹೋಗುವವರಂತೆ.
ನಿಂತರೂ ಸವಾರಿಯೇ. ಲೆಕ್ಕಕ್ಕೆ ಬರುತ್ತದೆ.

ಒಬ್ಬ ಮಾತ್ರ, ಇಥಿಯೋಪಿಯಾದ ಜಿಮ್ಮಾದವನು,
ಹೋದ ವಾರ ಪತ್ರ ಬರೆದ:
ನಿಮ್ಮ ಹದಿನೇಳನೆಯದು ಇಲ್ಲೂ ನಿಜ.
ನಮ್ಮವರು ಕಾಫಿ ಕೊಯ್ಯಲು ಹೋಗುತ್ತಾರೆ.
ನಿಮ್ಮವರು ಎಲ್ಲಿಗೆ?

ಮುನ್ನೂರ ಐವತ್ತೆಂಟರಲ್ಲಿ
ಎಲ್ಲಿಗೆ ಎಂದು ಕೇಳಿದವನು ಇವನೊಬ್ಬ.
ನಾನೂ ಕೇಳಿರಲಿಲ್ಲ.

ಉತ್ತರಕ್ಕೆಂದು ಹಳೆಯ ಜೆರಾಕ್ಸು ಹುಡುಕಿದೆ.
ಆ ಪುಟದ ತುದಿ ಮಡಚಿಕೊಂಡಿತ್ತು.
ಉಗುರಿನಲ್ಲಿ ಬಿಡಿಸಿದರೆ ಇನ್ನೊಂದು ಸಾಲು:
'ನಾಳಿಕ್ಕೆ ನಾನೂವೆ ಬರಕಿಲ್ಲ.'
ಅದರಾಚೆಗೆ ಆರು ದಿನ ಖಾಲಿ.

ಆ ಆರು ದಿನ ನನ್ನ ಲೇಖನದಲ್ಲಿವೆ,
ಎರಡನೇ ಕೋಷ್ಟಕದ ಕೆಳಗೆ, ಚಿಕ್ಕ ಅಕ್ಷರದಲ್ಲಿ:
ಮಾಹಿತಿ ಅಲಭ್ಯ, ಲೆಕ್ಕದಿಂದ ಕೈಬಿಡಲಾಗಿದೆ.
ಬಗ್ಗಿದ ಬೆನ್ನು, ಮಂಡಿಯುದ್ದ ಕೆಸರು,
ಸಾಲು ಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಳೇನೋ
ಅವಳು, ನಾನು ಅವಳನ್ನು ಕೈಬಿಡುವಾಗ.

ಯಲಿಯೂರು. ಕಿಟಕಿಯಾಚೆ ಗದ್ದೆಗೆ ನೀರು ನಿಂತಿದೆ,
ಆಕಾಶ ಅದರಲ್ಲಿ ತುಂಡುತುಂಡು.
ಅರ್ಜಿಯ ಹನ್ನೆರಡನೇ ಕಲಮು:
ಸಹಲೇಖಕರು, ಇದ್ದಲ್ಲಿ.
ಬ್ಯಾಟರಿ ಹನ್ನೊಂದು ಪರ್ಸೆಂಟು.

ಫೋನು. ಕಾಲೇಜಿನ ಹೊಸ ಬ್ಲಾಕಿನ ಸೈಟಿನಿಂದ ಹುಡುಗ:
'ಇವತ್ತು ಲೇಬರ್ ಯಾರೂ ಬಂದಿಲ್ಲ ಮೇಡಂ,
ಕಾರಣ ಗೊತ್ತಾಗ್ತಾ ಇಲ್ಲ.'

ರೈಲು ನಿಧಾನವಾಯಿತು.
ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ,
ಹದಿನಾರು ಬೆನ್ನು ಎಣಿಸಿದೆ,
ಹದಿನೇಳನೆಯದು ಸೆರಗು ಸಿಕ್ಕಿಸಿಕೊಂಡು
ಬದುವಿನಿಂದ ಕೆಸರಿಗೆ ಇಳಿಯುತ್ತಿತ್ತು.