ಎರಡು ಅಂಕದ ಪ್ರಶ್ನೆ

ಸಂಜೆ ಕಾಲೇಜಿನ ಇಪ್ಪತ್ತೆಂಟು ಉತ್ತರಪತ್ರಿಕೆ,
ಕೆಂಪು ಪೆನ್ನು, ಆರಿದ ಚಹಾ.
ಹಂಪನಕಟ್ಟೆಯ ಸಿಟಿ ಬಸ್ಸುಗಳ ಶಿಳ್ಳೆ
ಕಿಟಕಿ ಹಾರಿ ಬಂದು
ನಾಂದಿ ಹಾಡಿತು.

ಅಂಕ ಎಂದರೇನು? ಎರಡು ಅಂಕ.
ಪ್ರಶ್ನೆ ತೆಗೆದವಳು ನಾನೇ, ಈಗ ನಗು.
ನಾಟಕದ ಭಾಗ ಎಂದವರೇ ಹೆಚ್ಚು.
ಒಬ್ಬಳು ಮಡಿಲು ಎಂದಿದ್ದಾಳೆ, ನಿಘಂಟು ಕಂಡವಳು.
ಹಿಂದಿನ ಬೆಂಚಿನವನೊಬ್ಬ,
'ಹುಂಜಗಳ ಕಾಲಿಗೆ ಕತ್ತಿ ಕಟ್ಟಿ
ಪೊಲೀಸರು ಬರುವವರೆಗೆ ನಡೆಸುವುದು.'
ಅರ್ಧ ಕೊಟ್ಟೆ.
ಎರಡು ಪತ್ರಿಕೆ ದಾಟಿದ ಮೇಲೆ ಮತ್ತೆ ತಿರುಗಿ
ಇನ್ನೂ ಅರ್ಧ.

ನೇಪಥ್ಯಕ್ಕೆ ಒಬ್ಬ ಬರೆದದ್ದು ಒಂದೇ ಪದ: ಚೌಕಿ.
ಅವನಿಗೆ ಆ ರಾತ್ರಿ ಕಾವೂರಿನಲ್ಲಿ ಆಟವಿತ್ತು,
ವೇಷ ಕಟ್ಟಬೇಕಿತ್ತು.

ಆಮೇಲೆ ಯಶೋಧರ ಮೆಂಡನ್, ನೀಲಿ ಶಾಯಿ,
ಪುಟದ ಅಂಚಿಗೆ ಮೀನಿನ ವಾಸನೆ.

ಜನಾಂತಿಕ: ಉಂಗುರಬೆರಳು ಮಡಿಸಿ
ಕೈ ಅಡ್ಡ ಹಿಡಿದರೆ ರಂಗದಲ್ಲಿ ಉಳಿದವರಿಗೆ
ಮಾತು ಕೇಳಿಸದು, ಎಂದು ನಾನು ಕಲಿಸಿದ್ದು.
ಅವನು ಮುಂದುವರಿಸುತ್ತಾನೆ:
'ದಕ್ಕೆಯಲ್ಲಿ ಅಂಜಲ್ ಏಲಕ್ಕೆ ಬಂದಾಗ
ಅಮ್ಮ ಅತ್ತೆಯ ಕಿವಿಯಲ್ಲಿ ಹೀಗೆ ದರ ಹೇಳುತ್ತಾಳೆ.
ಎದುರಿನವರಿಗೆ ಎಲ್ಲ ಕೇಳಿಸುತ್ತದೆ.
ಕೇಳದವರ ಹಾಗೆ ನಿಲ್ಲುತ್ತಾರೆ.
ಅದು ಮರ್ಯಾದೆ.'

ನನ್ನ ಟಿಪ್ಪಣಿಯಲ್ಲಿ ಮರ್ಯಾದೆ ಇರಲಿಲ್ಲ.

ಆಕಾಶಭಾಷಿತ:
'ರಂಗದಲ್ಲಿ ಇಲ್ಲದವರ ಮಾತು ತಾನೇ ಕೇಳಿ
ಏನೆಂದೆ ಎಂದು ತಾನೇ ಮರುನುಡಿಯುವುದು.
ಉದಾಹರಣೆ, ಬೋಟ್ ಮಾಲೀಕರ ವೈರ್‌ಲೆಸ್.
ದಾನೆ? ದಾನೆ ಪಂಡರ್?
ಮಲ್ಪೆಡ್ಲಾ ಇಜ್ಜಾ?'

ಇಲ್ಲಿ ಪೆನ್ನು ನಿಂತಿತು.

ಪ್ರವೇಶಕ, ಐದು ಅಂಕ.
'ಸಾವನ್ನು ರಂಗದ ಮೇಲೆ ತೋರಿಸಕೂಡದು.
ಎರಡು ಅಂಕಗಳ ನಡುವೆ
ಸಣ್ಣ ಪಾತ್ರದವರು ಇಬ್ಬರು ಬಂದು
ನಡೆದದ್ದನ್ನು ಹೇಳಿ ಹೋಗುತ್ತಾರೆ.
ಐಸ್ ಪ್ಲಾಂಟಿನ ಹುಡುಗರು ಇಬ್ಬರು.
ಒಬ್ಬನ ಹೆಸರು ನನಗೆ ಗೊತ್ತಿಲ್ಲ.
ಚಪ್ಪಲಿ ಹೊರಗೆ ಬಿಟ್ಟರು.
ಅಕ್ಕ ನೀರು ತಂದಳು, ಕುಡಿಯಲಿಲ್ಲ.'

ಅವರು ಹೇಳಿದ್ದೇನೆಂದು ಬರೆದಿಲ್ಲ.
ಮೂರು ಗೆರೆ ಖಾಲಿ.
ನಾಲ್ಕನೆಯದರಿಂದ ಮುಂದಿನ ಪ್ರಶ್ನೆ, ಅದೇ ದುಂಡಗಿನ ಅಕ್ಷರ:
ವಿದೂಷಕನ ಲಕ್ಷಣಗಳು. ಬೋಳು ತಲೆ,
ಉಂಡೆಯ ಆಸೆ, ರಾಜನ ಗೆಳೆತನ,
ಎಲ್ಲ ಸರಿ. ಪೂರ್ಣ ಅಂಕ.

ಖಾಲಿ ಗೆರೆ ಕಂಡಲ್ಲಿ 'ವಿವರಿಸಿ' ಎಂದು ಗೀಚುವುದು
ಹದಿನಾಲ್ಕು ವರ್ಷದ ಚಾಳಿ.
'ವಿ' ಬರೆದಾಗಿತ್ತು.
ಬ್ಲೇಡಿನಿಂದ ಹೆರೆದೆ, ಕಾಗದ ತೆಳುವಾಯಿತು,
ಹಿಂದಿನ ಪುಟದ ಕೋಳಿ ಕಾಲಿನಂಥ ಒಂದು ಗೀರು
ಆ ಕಡೆಯಿಂದ ಕಂಡಿತು.

ಮರುದಿನ ಸಂಜೆ ಆರಕ್ಕೆ ಹಾಜರಿ.
ಯಶೋಧರ ಮೆಂಡನ್.
ಯೆಸ್ ಮೇಡಂ.
ತಲೆ ಎತ್ತದೆ
ಮುಂದಿನ ಹೆಸರು ಕರೆದೆ.